ಹಿತ್ತಲ ಕೋಣೆಯ ಒಲೆ

ಫೆಬ್ರವರಿ 12

ತಮ್ಮಾ,

ಕ್ಷೇಮ, ಕುಶಲ ಎಲ್ಲ ಆಮೇಲೆ. ಮೊದಲು ನನ್ನ ಹೊಟ್ಟೆಯೊಳಗಿನ ಬೆಂಕಿ ಕೇಳು. ಫೋನ್ ಮಾಡಿದ್ರೆ ನೀನು "ಅಕ್ಕಾ, ಬಸ್ ಬಂತು, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡ್ತೀಯ. ಬಸ್ ಡಿಪೋದಲ್ಲಿ ಕೂತವನಿಗೆ ಬಸ್ ಬರದೆ ಇನ್ನೇನು ವಿಮಾನ ಬರುತ್ತಾ? ಅದಕ್ಕೇ ಕಾಗದ ಬರೀತಿದ್ದೀನಿ. ಕಾಗದದ ಬಾಯಿ ಮುಚ್ಚಿಸೋಕೆ ನಿನಗೆ ಆಗಲ್ಲ.

ಊರಲ್ಲಿ ಜನರನ್ನ ಎಣಿಸಿಕೊಂಡು ಹೋದ್ರು. ಸ್ಕೂಲ್ ಮೇಷ್ಟ್ರಿಗೇ ಆ ಕೆಲಸ ಹಚ್ಚಿದ್ದಾರೆ. ಮನೇಲಿ ಗಂಡೆಷ್ಟು, ಹೆಣ್ಣೆಷ್ಟು, ಯಾರಿಗೆ ಓದು ಬರುತ್ತೆ, ಯಾರು ದುಡೀತಾರೆ, ನೀರು ಎಲ್ಲಿಂದ ತರ್ತೀರ, ಎಲ್ಲ ಕೇಳ್ತಾರೆ. ಕೇಳಲಿ, ಬೇಡ ಅಂದೋರು ಯಾರು? ಅವರ ಲೆಕ್ಕದಲ್ಲಿ ಮನೆ ಅಂದ್ರೆ ಗೋಡೆಯಲ್ಲ, ಒಲೆ. ಒಂದೇ ಒಲೇಲಿ ಬೇಯಿಸಿ ತಿನ್ನೋರೆಲ್ಲ ಒಂದು ಮನೆ. ಒಲೆ ಬೇರೆ ಆದ್ರೆ ಮನೆ ಬೇರೆ, ಅದಕ್ಕೆ ನಂಬರೂ ಬೇರೆ. ಈ ಸಲ ನಂಬರ್ ಬಿದ್ದ ಮನೆಗೆಲ್ಲ ಹಕ್ಕುಪತ್ರ ಕೊಡ್ತಾರಂತೆ. ಯಾರು ಯಾವ ಮನೇಲಿ ಇದ್ದಾರೋ ಅದು ಅವರದ್ದೇ ಅಂತ.

ಮೇಷ್ಟ್ರು ನಮ್ಮನೆಗೆ ಬಂದ ದಿನ ಅತ್ತಿಗೆಗೆ ಜ್ವರ, ಮೈ ಮುಟ್ಟೋ ಹಾಗಿರಲಿಲ್ಲ. ಅಣ್ಣನಿಗೆ ಒಂದು ಲೋಟ ನೀರು ಕಾಯಿಸೋಕೂ ಬರಲ್ಲ ಅಂತ ನಿನಗೆ ಗೊತ್ತು. ಅದಕ್ಕೆ ನಾನು ಹಿತ್ತಲ ಕೋಣೇಲಿ ಹೊಲಿಗೆ ಮಿಷನ್ ಬಿಟ್ಟು, ಮುಂದಿರೋ ಅಣ್ಣನ ಮನೆ ಅಡುಗೆಮನೆಗೆ ಹೋಗಿ ಅವರಿಗೆ ಗಂಜಿ ಕಾಯಿಸ್ತಿದ್ದೆ. ಅಣ್ಣ ಜಗಲಿ ಮೇಲೆ ಮೇಷ್ಟ್ರಿಗೆ ಕುರ್ಚಿ ಹಾಕಿ ಕೂರಿಸಿ, ಒಳಗೆ ಕೈ ತೋರಿಸಿ, "ನೋಡಿ, ಒಲೆ ಮುಂದೆ ಇರೋಳು ನನ್ನ ತಂಗಿ. ನಮ್ಮದೆಲ್ಲ ಒಂದೇ ಒಲೆ" ಅಂದುಬಿಟ್ಟ. ಆ ಮೇಷ್ಟ್ರಾದ್ರೂ ಎದ್ದು ಹಿತ್ತಲಿಗೆ ಬಂದು ನನ್ನ ಒಲೆ ಕಡೆ ಒಂದು ಸಲ ಇಣುಕಬೇಕೋ ಬೇಡವೋ? ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ. ಬರ್ಕೊಂಡು ಹೋದ.

ನನಗೆ ಇದೆಲ್ಲ ಗೊತ್ತಾಗಿದ್ದು ನಿನ್ನೆ. ಬಣ್ಣದವನು ಡಬ್ಬಿ ಹಿಡ್ಕೊಂಡು ಬಾಗಿಲ ಮೇಲೆಲ್ಲ ನಂಬರ್ ಬರೀತಾ ಬಂದ. ಅಣ್ಣನ ಮುಂದಿನ ಬಾಗಿಲಿಗೆ ಬರೆದ. ನನ್ನ ಬಾಗಿಲನ್ನ ದಾಟಿ ಪಕ್ಕದ ಮನೆಗೆ ಹೋದ. "ಏ, ಇದಕ್ಕೆ?" ಅಂದೆ. "ಇದು ಮನೆಯಲ್ಲಮ್ಮಾ, ಪಟ್ಟೀಲಿಲ್ಲ" ಅಂದ. ನಿನ್ನ ಮಗಳು ಹುಟ್ಟೋಕೂ ಮುಂಚಿನಿಂದ ನಾನು ಇಲ್ಲಿ ಬೇಯಿಸಿ, ಇಲ್ಲೇ ತಿಂದು, ಇಲ್ಲೇ ಮಲಗ್ತಾ ಇದ್ದೀನಿ. ಇದು ಮನೆಯಲ್ಲವಂತೆ!

ಅಣ್ಣನ್ನ ಹಿಡಿದು ಕೇಳಿದೆ. ಅವನ ಮಗ ಬೈಕ್ ರಿಪೇರಿ ಅಂಗಡಿ ಹಾಕ್ತಾನಂತೆ, ನನ್ನ ಕೋಣೆಯ ಬಾಗಿಲು ಹಿಂದಿನ ಬೀದಿಗೆ ಇರೋದ್ರಿಂದ ಅದೇ ಬೇಕಂತೆ. "ನೀನು ಒಳಗೆ ಬಂದಿರು, ನಿನಗೇನು ನಾವು ಅನ್ನ ಹಾಕಲ್ವಾ?" ಅಂದ. ಹಾಕು ಅಂತ ಯಾವತ್ತು ಕೇಳಿದ್ದೆ ನಾನು?

ಅಪ್ಪ ಹಾಸಿಗೆ ಹಿಡಿದಾಗ ನಮ್ಮ ಮೂವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದು ನಿನಗೆ ಮರೆತಿಲ್ಲ ಅಂದ್ಕೊಂಡಿದ್ದೀನಿ. "ಹಿತ್ತಲ ಕೋಣೆ ಇವಳದ್ದು. ಇವಳನ್ನ ಯಾರೂ ಎಬ್ಬಿಸಬಾರದು." ಅಣ್ಣ ಈಗ ಅಂಥ ಮಾತೇ ಕೇಳಿಲ್ಲ ಅಂತಾನೆ. ಕೇಳಿಸಿಕೊಂಡೋರಲ್ಲಿ ಉಳಿದೋನು ನೀನೊಬ್ಬ. ನಾನು ಕಚೇರೀಲಿ ತಕರಾರು ಕೊಟ್ಟು ಬಂದಿದ್ದೀನಿ, ಏಪ್ರಿಲ್ ಕೊನೇಲಿ ಮತ್ತೆ ಬಂದು ನೋಡ್ತಾರಂತೆ. ಅಷ್ಟರಲ್ಲಿ ನೀನು ನಾಲ್ಕು ಸಾಲು ಬರೆದು, ಕೆಳಗೆ ಸಹಿ ಹಾಕಿ ಕಳಿಸು. ನನ್ನ ಒಲೆ ಬೇರೆ, ಅಪ್ಪ ಈ ಕೋಣೆ ಕೊಟ್ಟಿದ್ದು ನನಗೆ. ಇಷ್ಟೇ.

ನಿನ್ನ ಅಕ್ಕ

ಫೆಬ್ರವರಿ 27

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ತಲುಪಿತು. ಎರಡು ಸಲ ಓದಿದೆ. ಇಷ್ಟು ಸಿಟ್ಟು ಒಳ್ಳೇದಲ್ಲ ಅಕ್ಕಾ, ಈ ವಯಸ್ಸಲ್ಲಿ ರಕ್ತದೊತ್ತಡ ಏರುತ್ತೆ. ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ನಂಬರಿಗೆ ಯಾಕಿಷ್ಟು ತಲೆ ಕೆಡಿಸ್ಕೊಳ್ತೀಯ? ಸರ್ಕಾರ ಜನ ಎಣಿಸುತ್ತೆ, ಎಣಿಸಿ ಎಲ್ಲೋ ಕಪಾಟಲ್ಲಿ ಇಡುತ್ತೆ. ನಿನ್ನನ್ನೇನು ಬೀದಿಗೆ ಹಾಕ್ತಿಲ್ಲವಲ್ಲ. ಒಳಗೆ ಬಂದಿರು ಅಂತಿದ್ದಾನೆ ಅಣ್ಣ. ನೀನು ಗಂಡನ ಮನೆ ಬಿಟ್ಟು ಬಂದಾಗ ಬಾಗಿಲು ತೆಗೆದವನೂ ಅವನೇ ಅಲ್ವಾ? ಅದನ್ನೂ ಸ್ವಲ್ಪ ನೆನೆಸ್ಕೋ.

ಅಪ್ಪ ಹೇಳಿದ ಮಾತು ನನಗೆ ಸರಿಯಾಗಿ ನೆನಪಿಲ್ಲ. ಆಗ ಅವರ ಮಾತೇ ತೊದಲ್ತಿತ್ತು. ಏನೋ ಹೇಳಿದ್ದರು, ಇಲ್ಲ ಅನ್ನಲ್ಲ. ಆದ್ರೆ ಸಹಿ ಹಾಕೋ ಅಷ್ಟು ಖಚಿತ ಇಲ್ಲ.

ಮೇ ತಿಂಗಳಲ್ಲಿ ಮಗಳ ಮದುವೆ ಅಂತ ನಿನಗೆ ಗೊತ್ತೇ ಇದೆ. ಮನೆಗೆ ಹಿರಿಯ ಅಂತ ಅಣ್ಣ ನಿಂತು ಮಾಡಿಸಬೇಕು, ಗಂಡಿನ ಕಡೆಯವರು ಅವನ ಮಾತಿನ ಮೇಲೇ ಒಪ್ಪಿದ್ದು. ಈ ಹೊತ್ತಲ್ಲಿ ನಾನು ಅವನ ವಿರುದ್ಧ ಬರೆದ್ರೆ ಏನಾಗುತ್ತೆ, ನೀನೇ ಹೇಳು. ಸ್ವಲ್ಪ ಹೊಂದ್ಕೊಂಡು ಹೋಗಕ್ಕಾ.

ನಿನ್ನ ತಮ್ಮ

ಮಾರ್ಚ್ 9

ತಮ್ಮಾ,

ನನ್ನ ರಕ್ತದೊತ್ತಡದ ಚಿಂತೆ ನಿನಗೆ ಬೇಡ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಬದುಕೋ ನಿನಗೆ ಅದು ಏರೋದೇ ಇಲ್ಲ, ನೂರು ವರ್ಷ ಇರ್ತೀಯ.

ಅವತ್ತು ಬಾಗಿಲು ತೆಗೆದದ್ದು ಅಣ್ಣನಲ್ಲ. ಅತ್ತಿಗೆ. ಅಣ್ಣ ಒಳಗಿಂದ "ಯಾರದು?" ಅಂದ, ನಾನು ಅಂತ ಗೊತ್ತಾದ ಮೇಲೆ ಗೋಡೆ ಕಡೆ ಮಗ್ಗುಲಾದ. ಅತ್ತಿಗೆ ನನ್ನ ಕೈ ಮೇಲಿನ ಗಾಯ ನೋಡಿದ್ರು, ಬಿಸಿನೀರು ತಂದ್ರು. ನಾನು ಯಾಕೆ ಬಂದೆ ಅಂತ ಈ ಮನೆ ಗಂಡಸರು ಇವತ್ತಿನವರೆಗೂ ಕೇಳಿಲ್ಲ. ನೀನೂ ಕೇಳಿಲ್ಲ. ನಾನೂ ಹೇಳಲ್ಲ, ಬಿಡು.

ನಂಬರ್ ಅಂದ್ರೆ ಏನು ಅಂತ ಕೇಳ್ತೀಯಲ್ಲ, ಕೇಳಿಲ್ಲಿ. ಊರ ಕಚೇರಿಯ ಗೋಡೆ ಮೇಲೆ ಒಂದು ಬೋರ್ಡ್ ಬರೆಸಿದ್ದಾರೆ, "ನಮ್ಮ ಊರು" ಅಂತ ಮೇಲೆ ಕೆಂಪಕ್ಷರ. ಜನಸಂಖ್ಯೆ ಸಾವಿರದ ಇನ್ನೂರ ಹದಿನಾಲ್ಕು. ಗಂಡಸರು ಇಷ್ಟು, ಹೆಂಗಸರು ಅವರಿಗಿಂತ ಕಮ್ಮಿ. ಯಾಕೆ ಕಮ್ಮಿ ಅಂತ ಯಾರೂ ಬೋರ್ಡ್ ಬರೆಸಿಲ್ಲ. ದುಡಿಯುವ ಗಂಡಸರು ನಾನೂರಕ್ಕೂ ಮೇಲೆ. ದುಡಿಯುವ ಹೆಂಗಸರು ಹತ್ತೊಂಬತ್ತು! ಹತ್ತೊಂಬತ್ತೇ ಜನ! ಉಳಿದೋರೆಲ್ಲ ಕಾಲು ಚಾಚ್ಕೊಂಡು ಕೂತು ತಿಂತಿದ್ದೀವಂತೆ. ಕೊನೇ ಸಾಲನ್ನ ಮಾತ್ರ ಬೆರಳಿಟ್ಟು ಎರಡು ಸಲ ಓದಿದೆ. "ಹೆಂಗಸರೇ ಯಜಮಾನರಾಗಿರುವ ಮನೆಗಳು: ಇಲ್ಲ."

ಇಲ್ಲ ಅಂತೆ ಕಣೋ. ಒಂದೂ ಇಲ್ಲ.

ಮೇಷ್ಟ್ರ ಹತ್ರ ಹೋಗಿ ಕೂತೆ. ಒಬ್ಬೊಬ್ಬರದ್ದೂ ಏನು ಬರ್ಕೊಂಡಿದ್ದೀಯ ಓದು ಅಂದೆ. ಪಾಪ, ಹೆದರಿ ಓದಿದ. ಹಗ್ಗ ಹೊಸೆಯೋಳು ಗಂಡ ಸತ್ತ ಮೇಲೆ ಒಬ್ಬಳೇ ಇದ್ದು, ಒಬ್ಬಳೇ ಬೇಯಿಸಿಕೊಂಡು, ಮೂರು ಮಕ್ಕಳನ್ನ ದೊಡ್ಡೋರು ಮಾಡಿ ಕಳಿಸಿದ್ಲಲ್ಲ? ಅವಳನ್ನ ಮೈದುನನ ಮನೆಗೆ ಸೇರಿಸಿ ಬರೆದಿದ್ದಾರೆ. ಆ ಮೈದುನ ಅವಳ ಜೊತೆ ಮಾತು ಬಿಟ್ಟು ಎಷ್ಟು ಕಾಲವಾಯ್ತೋ. ಸೂಲಗಿತ್ತಿ ಅಜ್ಜಿನ ಮಗನ ಮನೆಗೆ ಹಾಕಿದ್ದಾರೆ, ಅವಳ ಹೆಸರಿನ ಮುಂದೆ "ಕೆಲಸವಿಲ್ಲ" ಅಂತ ಇದೆ. ಅಲ್ಲಾ, ಆ ಸಾವಿರದ ಇನ್ನೂರರಲ್ಲಿ ಅರ್ಧ ಜನರನ್ನ ಹೊರಗೆ ಎಳೆದು ತಂದೋಳೇ ಅವಳು. ಅವಳಿಲ್ಲದಿದ್ರೆ ಎಣಿಸೋಕೆ ಇವರಿಗೆ ಜನ ಎಲ್ಲಿಂದ ಸಿಗ್ತಿದ್ರು?

"ನನ್ನ ಮುಂದೆ ಏನಿದೆ?" ಅಂದೆ. ತಲೆ ಬಗ್ಗಿಸಿದ. "ಅದೂ ಕೆಲಸವಿಲ್ಲ ಅಂತಾನೇ ಇದೆ ಅಮ್ಮಾ. ನಿಮ್ಮಣ್ಣ ಹೇಳಿದ್ದು." ತಮ್ಮಾ, ಆ ಮೇಷ್ಟ್ರು ಹಾಕ್ಕೊಂಡಿದ್ದ ಅಂಗಿ ನಾನು ಹೊಲಿದದ್ದು. ನಾನು ಹೊಲಿದ ಜೇಬಿಂದ ಪೆನ್ನು ತೆಗೆದು ನನಗೆ ಕೆಲಸವಿಲ್ಲ ಅಂತ ಬರೆದಿದ್ದಾನೆ. "ಬಿಚ್ಚೋ ಆ ಅಂಗೀನ" ಅಂತ ಬಾಯಿಗೆ ಬಂತು, ಮಕ್ಕಳು ನೋಡ್ತಿದ್ದವು ಅಂತ ನುಂಗಿಕೊಂಡೆ.

ಕಪಾಟಲ್ಲಿ ಇಡ್ತಾರೆ ಅಂದೆಯಲ್ಲ. ಇಡ್ತಾರೆ. ನಾನು ಇಲ್ಲ ಅಂತ ಬರೆದು ಇಡ್ತಾರೆ. ನಾಳೆ ನಿನ್ನ ಅಣ್ಣನ ಮಗ ನನ್ನ ಮಿಷನ್ ತೆಗೆದು ಬೀದಿಗಿಟ್ಟು ಅಲ್ಲಿ ಟೈರ್ ನೇತು ಹಾಕಿದ್ರೆ, ಯಾರ ಹತ್ರ ಹೋಗಿ ಏನು ಹೇಳಲಿ? ಇಲ್ಲದ ಮನೆಯಿಂದ ನನ್ನನ್ನ ಎಬ್ಬಿಸಿದ್ರು ಅಂತ ಹೇಳಲಾ?

ನಿನಗೆ ಅಪ್ಪನ ಮಾತು ನೆನಪಿದೆ. ನೀನು ಅವತ್ತು ಅಪ್ಪನ ಕಾಲ ಹತ್ರ ಕೂತು ಅಳ್ತಾ ಇದ್ದೆ, "ಆಯ್ತಪ್ಪಾ, ಆಯ್ತಪ್ಪಾ" ಅಂತ ಎರಡು ಸಲ ಹೇಳಿದ್ದು ನೀನೇ. ಬರಿ.

ನಿನ್ನ ಅಕ್ಕ

ಮಾರ್ಚ್ 24

ಅಕ್ಕಾ,

ಅಣ್ಣ ಫೋನ್ ಮಾಡಿದ್ದ. ನೀನು ಕಚೇರೀಲಿ ಎಲ್ಲರ ಮುಂದೆ ಕೂಗಾಡಿದೆ, ಮನೆ ಮಾನ ಹರಾಜು ಹಾಕಿದೆ ಅಂತ ಬೇಜಾರು ಮಾಡ್ಕೊಂಡಿದ್ದಾನೆ. ಮದುವೆ ಕರೆಯೋಲೆ ಅಚ್ಚಿಗೆ ಹೋಗಿದೆ, ಮೇಲೆ ಅವನ ಹೆಸರೇ ಇದೆ. ನಿನಗೆ ಕೈ ಮುಗೀತೀನಿ, ಮದುವೆ ಒಂದು ಮುಗೀಲಿ. ಆಮೇಲೆ ನಾನೇ ಬಂದು ಅಣ್ಣನ ಹತ್ರ ಕೂತು ಮಾತಾಡ್ತೀನಿ.

ಡಿಪೋದಲ್ಲಿ ಕೆಲಸ ಜಾಸ್ತಿ. ಹೆಚ್ಚು ಬರೆಯೋಕೆ ಆಗ್ತಿಲ್ಲ.

ನಿನ್ನ ತಮ್ಮ

ಏಪ್ರಿಲ್ 11

ತಮ್ಮಾ,

ಒಲೆ ಒಡೆದುಹಾಕಿದ್ದಾರೆ.

ಸ್ಕೂಲ್ ಮಕ್ಕಳ ಬಟ್ಟೆ ಕೊಡೋಕೆ ಹೋಗಿದ್ದೆ. ವಾಪಸ್ಸು ಬಂದು ನೋಡ್ತೀನಿ, ಬಾಗಿಲು ತೆಗೆದಿದೆ, ಕೋಣೆ ತುಂಬ ಮಸಿ, ಒಲೆ ಇದ್ದ ಜಾಗದಲ್ಲಿ ಇಟ್ಟಿಗೆ ಗುಡ್ಡೆ. ಹೊಗೆ ಕೊಳವೆ ಬಗ್ಗಿಹೋಗಿದೆ. ಬೇಯಿಸಿಟ್ಟಿದ್ದನ್ನ ಪಾತ್ರೆ ಸಮೇತ ಹೊರಗೆ ಇಟ್ಟಿದ್ರು, ಮುಚ್ಚಳ ಮುಚ್ಚಿ. ಮರ್ಯಾದಸ್ಥರು ನೋಡು! ಅಣ್ಣನ ಮಗ ಹಾರೆ ಕೈಲಿ ಹಿಡ್ಕೊಂಡೇ ನಿಂತಿದ್ದ. "ಅಪ್ಪ ಹೇಳಿದ್ರು ಅತ್ತೇ" ಅಂದ. ನನ್ನ ಮುಖ ನೋಡೋ ಧೈರ್ಯ ಇರಲಿಲ್ಲ ಅವನಿಗೆ. ಅವನು ಚಿಕ್ಕವನಿದ್ದಾಗ ಅವರಮ್ಮನ ಕಣ್ಣು ತಪ್ಪಿಸಿ ಬಂದು ಅದೇ ಒಲೆ ಮುಂದೆ ಕೂತು ತಿಂತಿದ್ದೋನು. ಥೂ ಅಂತ ಉಗಿದೆ, ಹಾರೆ ಅಲ್ಲೇ ಬಿಟ್ಟು ಹೋದ.

ಕಚೇರಿಯವರು ಬಂದು ನೋಡೋ ದಿನ ಒಲೆಯೇ ಇರಬಾರದು ಅಂತ ಅಣ್ಣನ ಲೆಕ್ಕ.

ನಾನು ಊರಿನ ಒಂಟಿ ಹೆಂಗಸರ ಮನೆಗೆಲ್ಲ ಹೋಗಿದ್ದೆ. ಎಲ್ಲರೂ ಒಟ್ಟಾಗಿ ಹೇಳೋಣ, ಯಾರೊಬ್ಬರಿಗೂ ಹೆದರಿಕೆ ಇರಲ್ಲ ಅಂದೆ. ಅವತ್ತು ಹೂಂ ಅಂದು ತಕರಾರಿಗೆ ಹೆಸರೂ ಕೊಟ್ರು. ಹಗ್ಗದವಳಂತೂ ಎದೆ ತಟ್ಟಿಕೊಂಡು ಹೇಳಿದ್ಲು. ಆಮೇಲೆ ಒಬ್ಬೊಬ್ಬಳೇ ಬಂದು, ಮಗ ಏನಂತಾನೋ, ಮೈದುನ ಬಾವಿ ನೀರು ನಿಲ್ಲಿಸ್ತಾನೋ ಅಂತ ಗೊಣಗಿ ಹೋದ್ರು. ಅವರ ಮೇಲೂ ನನಗೆ ಸಿಟ್ಟಿದೆ. ಆದ್ರೆ ಅವರ ಪಾಡು ನನಗೆ ಅರ್ಥವಾಗುತ್ತೆ, ನಿನ್ನ ಪಾಡು ಅರ್ಥವಾಗಲ್ಲ. ನಿನಗೆ ಯಾರು ನೀರು ನಿಲ್ಲಿಸ್ತಾರೆ?

ಇಟ್ಟಿಗೆ ಆರಿಸಿಟ್ಟಿದ್ದೀನಿ. ಮತ್ತೆ ಕಟ್ತೀನಿ. ನಿನ್ನ ನಾಲ್ಕು ಸಾಲಿಗೆ ಇನ್ನೂ ಕಾಯ್ತಿದ್ದೀನಿ, ನಾಚಿಕೆ ಬಿಟ್ಟು.

ಅಕ್ಕ

ಏಪ್ರಿಲ್ 19

ಅಕ್ಕನಿಗೆ,

ಅಣ್ಣನ ಜೊತೆ ಮಾತಾಡಿದೆ. ಗೋಡೆ ಬಿರುಕು ಬಿಟ್ಟಿತ್ತು, ಹುಡುಗ ಅದನ್ನ ನೋಡೋಕೆ ಹೋಗಿ ಕೈ ತಪ್ಪಿ ಹಾರೆ ಒಲೆಗೆ ತಗುಲಿತು ಅಂತಾನೆ. ನಿಜವೋ ಸುಳ್ಳೋ, ಈಗ ಅದನ್ನ ಕೆದಕಿ ಏನು ಪ್ರಯೋಜನ? ನೀನು ಬೇಜಾರು ಮಾಡ್ಕೋಬೇಡ. ಮದುವೆ ಆದಮೇಲೆ ಒಂದು ಒಳ್ಳೇ ಹೊಸ ಒಲೆ ನಾನೇ ಕೊಡಿಸ್ತೀನಿ.

ನಿನ್ನ ತಮ್ಮ

ಏಪ್ರಿಲ್ 30

ತಮ್ಮಾ,

ನಿನ್ನ ಹೊಸ ಒಲೆ ನಿನ್ನ ಹತ್ರಾನೇ ಇರಲಿ.

ನಿನ್ನೆ ಬಂದಿದ್ರು. ಮೇಷ್ಟ್ರು, ಜೊತೆಗೆ ಮೇಲಿನ ಕಚೇರಿಯ ಸಾಹೇಬರು ಒಬ್ಬರು, ವಯಸ್ಸಾದವರು, ಕನ್ನಡಕ ಕೊರಳಿಗೆ ನೇತು ಹಾಕ್ಕೊಂಡಿದ್ರು. ಮೊದಲು ಹಗ್ಗದವಳ ಮನೆಗೆ ಹೋದ್ರು. ನಾನು ಅವಳ ಬಾಗಿಲಲ್ಲೇ ನಿಂತಿದ್ದೆ. ಮೈದುನ ಅವಳ ಬೆನ್ನ ಹಿಂದೆ ನಿಂತು ಗಂಟಲು ಕೆರೆದ. "ಒಂದೇ ಒಲೆ ಸ್ವಾಮೀ" ಅಂದ್ಲು, ನೆಲ ನೋಡ್ಕೊಂಡು. ಸೂಲಗಿತ್ತಿ ಅಜ್ಜೀನೂ ಅದನ್ನೇ ಅಂದ್ಲು. ನನಗೆ ಎಲ್ಲಿಲ್ಲದ ರೋಷ ಬಂತು, ಅವರ ಮೇಲೋ ಲೋಕದ ಮೇಲೋ ನನಗೇ ಗೊತ್ತಿಲ್ಲ.

ಆಮೇಲೆ ನಮ್ಮ ಮನೆ. ಅಣ್ಣ ಇಸ್ತ್ರಿ ಅಂಗಿ ಹಾಕ್ಕೊಂಡು ಸಿದ್ಧವಾಗಿದ್ದ. ಅವನೇ ದಾರಿ ತೋರಿಸ್ತಾ ಸಾಹೇಬರನ್ನ ಹಿತ್ತಲಿಗೆ ಕರ್ಕೊಂಡು ಬಂದ. ಹೊಲಿಗೆ ಕೆಲಸದ ನಡುವೆ ನಾನು ಮೊನ್ನೆಯಷ್ಟೇ ಒಲೆ ಕಟ್ಟಿ ಮುಗಿಸಿದ್ದೆ, ಅದೇ ಇಟ್ಟಿಗೆ, ಹೊಸ ಮಣ್ಣು. ಅದರ ಮೇಲೆ ಪಾತ್ರೆ ಇಟ್ಟು ಬೆಂಕಿ ಮಾಡಿದ್ದೆ. ಸಾಹೇಬರು ಬಗ್ಗಿ ಒಲೆ ಅಂಚಿಗೆ ಹೆಬ್ಬೆರಳು ಒತ್ತಿದ್ರು. ಮಣ್ಣು ಮೆತ್ತಿಕೊಂಡಿತು.

"ಹಸಿ ಇದೆಯಲ್ಲಮ್ಮಾ" ಅಂದ್ರು.

"ಅದನ್ನೇ ನಾನು ಹೇಳ್ತಿರೋದು ಸಾರ್" ಅಂದ ಅಣ್ಣ, "ನೀವು ಬರ್ತೀರಿ ಅಂತ ಮೊನ್ನೆ ಕಟ್ಟಿದ್ದು. ನಾಟಕ."

ಒಡೆದದ್ದು ಇವರೇ ಅಂದೆ, ಕೂಗಿ ಹೇಳಿದೆ. ಯಾರು ನೋಡಿದ್ರು ಅಂತ ಕೇಳಿದ್ರು ಸಾಹೇಬರು. ಬೀದೀಲಿ ಅಷ್ಟು ಜನ ನಿಂತಿದ್ರು, ಒಬ್ಬರೂ ತುಟಿ ಬಿಚ್ಚಲಿಲ್ಲ. ನಿಮ್ಮ ಕೋಣೆ ಅನ್ನೋಕೆ ಏನಾದ್ರೂ ಬರಹ ಇದೆಯಾ ಅಂದ್ರು. ಆಗ ನಿನ್ನ ನೆನಪಾಯ್ತು. ಎಷ್ಟು ಬೈದೆ ಅಂತ ಇಲ್ಲಿ ಬರೆಯಲ್ಲ.

ಸಾಹೇಬರು ಪೆನ್ನು ತೆಗೆದ್ರು. ಅಷ್ಟರಲ್ಲಿ ಅತ್ತಿಗೆ ಬಂದ್ರು. ಒಗೆಯೋ ಕಲ್ಲಿನ ಹತ್ರದಿಂದ ಹಾಗೇ ಎದ್ದು ಬಂದಿದ್ರು, ಕೈಯಿಂದ ನೀರು ಸುರೀತಿತ್ತು. ಅವರು ಅಣ್ಣನ ಎದುರು ದನಿ ಎತ್ತಿದ್ದನ್ನ ನೀನು ಯಾವತ್ತಾದ್ರೂ ಕೇಳಿದ್ದೀಯಾ? ನಾನಂತೂ ಕೇಳಿರಲಿಲ್ಲ. ನಿನ್ನೆಯೂ ಎತ್ತಲಿಲ್ಲ. ಮೆಲ್ಲಗೇ ಹೇಳಿದ್ರು.

"ಒಡೆದೋನು ನನ್ನ ಮಗ ಸಾರ್. ಒಡೆಸಿದೋರು ಇವರು. ಅವತ್ತು ಮೇಷ್ಟ್ರು ಬಂದಾಗ ಅವಳು ನನ್ನ ಒಲೆ ಮುಂದೆ ಇದ್ದದ್ದು ನನಗೆ ಜ್ವರ ಇತ್ತು ಅಂತ. ನನಗೆ ಗಂಜಿ ಕಾಯಿಸಿದ್ದಕ್ಕೆ ಅವಳ ಮನೆ ಕಿತ್ಕೊಂಡ್ರು."

ಅಣ್ಣ ನಕ್ಕ. "ಇವಳಿಗೆ ಜ್ವರ ಇನ್ನೂ ಇಳಿದಿಲ್ಲ ಸಾರ್" ಅಂದ.

ಅತ್ತಿಗೆ ಅವನ ಮುಖಾನೇ ನೋಡಲಿಲ್ಲ. ತಿರುಗಿ ಒಳಗೆ ಹೋದ್ರು. ಅಯ್ಯೋ, ಮುಗೀತು ಅಂದ್ಕೊಂಡೆ. ಸಾಹೇಬರೂ ಹಾಗೇ ಅಂದ್ಕೊಂಡ್ರೇನೋ, ಮೇಷ್ಟ್ರ ಕಡೆ ನೋಡಿದ್ರು. ಒಳಗೆ ಪಾತ್ರೆ ಸದ್ದಾಯ್ತು. ಆಮೇಲೆ ಅತ್ತಿಗೆ ಬಂದ್ರು, ಕಂಕುಳಲ್ಲಿ ಹಾಸಿಗೆ ಸುರುಳಿ, ಒಂದು ಕೈಲಿ ದೊಡ್ಡ ಪಾತ್ರೆ, ಅದರೊಳಗೆ ಸೌಟು, ತಟ್ಟೆ, ಲೋಟ. ನನ್ನನ್ನ ಭುಜದಿಂದ ಪಕ್ಕಕ್ಕೆ ಸರಿಸಿ ನನ್ನ ಕೋಣೆಯೊಳಗೆ ಹೋಗಿ ಎಲ್ಲ ಕೆಳಗಿಟ್ಟು, ಹೊಸ್ತಿಲ ಹತ್ರ ಬಂದು ನಿಂತ್ರು.

"ಹಸಿಯೋ ಒಣಗಿದ್ದೋ, ಇವತ್ತಿಂದ ಈ ಒಲೇಲಿ ಇಬ್ಬರು ತಿಂತೀವಿ. ಬರ್ಕೊಳ್ಳಿ. ಆ ಮುಂದಿನ ಮನೇಲಿ ಒಲೆ ಹಚ್ಚೋರು ಯಾರಿದ್ದಾರೆ ಅಂತ ಅವರನ್ನೇ ಕೇಳಿ."

ಅಣ್ಣನ ನಗು ಅಲ್ಲೇ ನಿಂತುಹೋಯ್ತು. "ಏ, ಒಳಗೆ ನಡಿ" ಅಂದ. ಅತ್ತಿಗೆ ಅಲ್ಲಾಡಲಿಲ್ಲ. "ಜನ ನೋಡ್ತಿದ್ದಾರೆ" ಅಂದ. "ನೋಡಲಿ, ಎಣಿಸೋಕೆ ತಾನೇ ಬಂದಿರೋದು" ಅಂದ್ರು. ಬೀದೀಲಿ ಯಾರೋ ಕಿಸಕ್ಕನೆ ನಕ್ಕರು.

ಸಾಹೇಬರು ಕನ್ನಡಕ ಹಾಕ್ಕೊಂಡ್ರು. "ಈ ಮನೆಗೆ ಯಜಮಾನರು ಯಾರು?" ಅಂದ್ರು. ನಾನು "ಅತ್ತಿಗೆ" ಅಂದೆ, ಅತ್ತಿಗೆ "ಅವಳು" ಅಂದ್ರು. ಅಷ್ಟು ಕೋಪದಲ್ಲೂ ನಮಗಿಬ್ಬರಿಗೂ ನಗು ಬಂತು. ಕೊನೆಗೆ ನನ್ನ ಹೆಸರು ಬರೆದ್ರು. ಕೆಲಸ ಹೊಲಿಗೆ ಅಂತ ಬರೆದ್ರು, ನಾನು ಇಣುಕಿ ಓದಿ ಖಾತ್ರಿ ಮಾಡ್ಕೊಂಡೆ. ಅತ್ತಿಗೆಗೆ ಏನು ಕೆಲಸ ಅಂತ ಕೇಳಿದಾಗ ಅವರು ನನ್ನ ಮಿಷನ್ ಕಡೆ ತಿರುಗಿದ್ರು. "ಇಷ್ಟು ದಿನ ಅಡುಗೆ. ಇನ್ಮೇಲೆ ಅಂಗಿಗೆ ಕಾಜಾ ಗುಂಡಿ ಹಾಕೋದು ಕಲೀತೀನಿ" ಅಂದ್ರು. ಬಣ್ಣದವನನ್ನ ಅಲ್ಲೇ ಕರೆಸಿ ನಂಬರ್ ಬರೆಸಿದ್ರು. ಸಾಹೇಬರು ಹೊರಟಾಗ ಹಗ್ಗದವಳು ಅವರ ಹಿಂದೇನೇ ಓಡಿದ್ಲು, ಬೀದಿ ತಿರುವಿನವರೆಗೂ, "ಸ್ವಾಮೀ, ಸ್ವಾಮೀ" ಅಂತ. ಅವರು ನಿಂತ್ರೋ ಇಲ್ವೋ ನನಗೆ ಕಾಣಿಸಲಿಲ್ಲ.

ಈಗ ಇದನ್ನ ಬರೆಯೋವಾಗ ಅಣ್ಣ ಮುಂದಿನ ಮನೇಲಿ ಡಬ್ಬಿಗಳನ್ನ ಬೀಳಿಸ್ತಿದ್ದಾನೆ. ಉಪ್ಪು ಎಲ್ಲಿ ಅಂತ ಕೂಗಿ ಕೇಳಿದ. ಅತ್ತಿಗೆಗೆ ಕೇಳಿಸ್ತು, ಸೂಜಿಗೆ ದಾರ ಪೋಣಿಸ್ತಾ ಕೂತಿದ್ದಾರೆ. ನಾಳೆ ನಿನಗೆ ಫೋನ್ ಮಾಡ್ತಾನೆ, ಬಂದು ಹೆಂಡತಿಗೆ ಬುದ್ಧಿ ಹೇಳು ಅಂತಾನೆ. ಬರಬೇಡ. ಬಂದ್ರೂ ಹಿತ್ತಲಿಗೆ ಬರಬೇಡ.

ಮದುವೆಗೆ ನಾವಿಬ್ಬರೂ ಬರ್ತೀವಿ. ಹುಡುಗಿ ಏನು ತಪ್ಪು ಮಾಡಿದ್ದಾಳೆ? ಅವಳಿಗೆ ಅಂತ ಹೊಲಿದಿಟ್ಟಿರೋದನ್ನ ನಾನೇ ಕೈಯಾರೆ ಕೊಡ್ತೀನಿ. ಆದ್ರೆ ಕರೆಯೋಲೆ ಎರಡು ಕಳಿಸು. ಒಂದು ಅಣ್ಣನ ಮನೆಗೆ, ಒಂದು ನಮ್ಮ ಮನೆಗೆ. ಒಂದರಲ್ಲೇ ಎಲ್ಲರ ಹೆಸರು ತುರುಕಿ ಕಳಿಸಿದ್ರೆ ವಾಪಸ್ಸು ಬರುತ್ತೆ, ಅಂಚೆಯವನಿಗೆ ಹೇಳಿಟ್ಟಿದ್ದೀನಿ.

ಇನ್ನೊಂದು ಮಾತು. ಎಲ್ಲ ಮುಗಿದ ಮೇಲೆ ಈಗ ನಿನಗೆ ಅಪ್ಪ ಹೇಳಿದ್ದು ಇದ್ದಕ್ಕಿದ್ದಂತೆ ನೆನಪಿಗೆ ಬರಬಹುದು. ಬಂದ್ರೆ ಬರೆದು ಕಳಿಸಬೇಡ. ಬೇಕಾದಾಗ ನೀನು ಸಾಕ್ಷಿ ಕೊಡಲಿಲ್ಲ. ಈ ಮನೇಲಿ ಹುಟ್ಟದ ಒಬ್ಬಳು ಬಂದು ಕೊಟ್ಟಳು.

ಅಕ್ಕ